ತುಂಬದೇ ಕೂತ ಕಟ್ಟೆಗೊಂದು ಬಹಿರಂಗ ಪತ್ರ

ಇವರಿಗೆ,
ಕ್ಲೌಡ್ ಕ್ರೀಕ್ ಒಂದನೇ ನಂಬರು ಮಣ್ಣಿನ ಕಟ್ಟೆ,
ಕಾರ್ಡೆಲ್ ಪಟ್ಟಣದ ಹತ್ತಿರ, ವಾಷಿಟಾ ಕೌಂಟಿ,
ಒಕ್ಲಹೋಮಾ ರಾಜ್ಯ, ಅಮೆರಿಕ.

ವಿಷಯ: 1948ರಿಂದ ಇಲ್ಲಿಯವರೆಗೆ ತಮ್ಮ ವ್ಯಾಪ್ತಿಯಲ್ಲಿ ಏನೂ ನಡೆಯದಿರುವ ಬಗ್ಗೆ.

ಮಾನ್ಯರೇ,

ತಾವು ಕೆಲಸಕ್ಕೆ ಹಾಜರಾದದ್ದು 1948ರ ಜುಲೈ ತಿಂಗಳಲ್ಲಿ. ಅಂದಿನಿಂದ ತಮ್ಮ ಸೇವಾ ಪುಸ್ತಕ ತಿರುವಿ ಹಾಕಿದರೆ ಹೇಳಿಕೊಳ್ಳುವಂಥ ಒಂದು ನಮೂದೂ ಕಾಣುವುದಿಲ್ಲ. ತಮ್ಮಿಂದ ಒಂದು ಬಲ್ಬು ಉರಿದಿಲ್ಲ. ಎಡದಂಡೆ ನಾಲೆ, ಬಲದಂಡೆ ನಾಲೆ ಎಂದು ಹೆಸರಿಡಬಹುದಾದ ಯಾವುದೂ ತಮ್ಮಿಂದ ಹೊರಟಿಲ್ಲ. ತಮ್ಮ ಕೆಳಗೆ ಬೃಂದಾವನವಿಲ್ಲ, ಸಂಗೀತ ಕಾರಂಜಿಯಿಲ್ಲ, ಸಿನಿಮಾದ ನಾಯಕ ನಾಯಕಿ ಕೈ ಹಿಡಿದು ಇಳಿದು ಬರಲು ಒಂದು ಮೆಟ್ಟಿಲ ಸಾಲೂ ಇಲ್ಲ. ತೊರೆಗೆ ಅಡ್ಡ ಹಾಕಿದ ಮಣ್ಣಿನ ದಿಬ್ಬ, ಅದರ ಮೇಲೆ ಹುಲ್ಲು, ಹಿಂದೆ ಒಂದಿಷ್ಟು ನೀರು, ಮಿಕ್ಕದ್ದೆಲ್ಲ ಖಾಲಿ ಜಾಗ. ಮುಕ್ಕಾಲು ಶತಮಾನ ಕಳೆದರೂ ಆ ಜಾಗ ತುಂಬಿಸಿಕೊಳ್ಳುವ ಉತ್ಸಾಹ ತಮ್ಮಲ್ಲಿ ಕಂಡುಬಂದಿಲ್ಲ. ಅಕಸ್ಮಾತ್ ತುಂಬಿದರೂ ಹತ್ತು ದಿನದೊಳಗೆ ಎಲ್ಲವನ್ನೂ ಹೊರಗೆ ಬಿಟ್ಟು ಮತ್ತೆ ಮೊದಲಿನ ಹಾಗೆ ಕೂತುಬಿಡುವಂತೆ ತಮ್ಮನ್ನು ಕಟ್ಟಿದ್ದಾರಂತೆ. ನಮ್ಮ ಕಡೆ ಇದಕ್ಕೆ ಕರ್ತವ್ಯಲೋಪ ಅನ್ನುತ್ತಾರೆ.

ಕೇಳಲು ನೀವು ಯಾರು ಅಂತ ತಾವು ಅನ್ನಬಹುದು. ನಾವು ಅಣೆಕಟ್ಟಿನ ಯೋಗ್ಯತೆಯನ್ನು ಅದು ತುಂಬಿದ್ದರಲ್ಲಿ ಅಳೆಯುವ ಜನ. ಕೃಷ್ಣರಾಜಸಾಗರದ ಪೂರ್ಣ ಮಟ್ಟ 124.80 ಅಡಿ ಎಂಬುದು ಮಂಡ್ಯ ಸೀಮೆಯಲ್ಲಿ ಶಾಲೆ ಮೆಟ್ಟಿಲು ಹತ್ತದವರಿಗೂ ಬಾಯಿಪಾಠ. ಮಳೆಗಾಲ ಬಂತೆಂದರೆ ಪತ್ರಿಕೆಗಳಲ್ಲಿ ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಂಬ ಮೂರು ಸಾಲು ಇರಲೇಬೇಕು. ನಾವು ಅದನ್ನು ಮಗನ ಪರೀಕ್ಷೆಯ ಅಂಕ ನೋಡಿದಂತೆ ನೋಡುತ್ತೇವೆ. ತುಂಬಿದ ದಿನ ಮುಖ್ಯಮಂತ್ರಿಗಳು ಸಂಪುಟದ ಸಮೇತ ಬಂದು, ಮೊರದಲ್ಲಿ ಅರಿಶಿನ ಕುಂಕುಮ ಬಳೆ ಇಟ್ಟು ಬಾಗಿನ ಬಿಡುತ್ತಾರೆ. 2025ರಲ್ಲಂತೂ ಅಣೆಕಟ್ಟಿನ ಚರಿತ್ರೆಯಲ್ಲೇ ಮೊದಲ ಸಲ ಜೂನ್ ತಿಂಗಳಲ್ಲಿ ತುಂಬಿ, ತಿಂಗಳ ಕೊನೆಯ ದಿನ ಬಾಗಿನವೂ ಆಯಿತು. ಮುಂಗಾರು ಇನ್ನೂ ಮೂರು ತಿಂಗಳು ಬಾಕಿ ಇರುವಾಗಲೇ ಒಳಗೆ ಜಾಗ ಮುಗಿದುಹೋದರೆ ಮುಂದೆ ಬರುವ ಪ್ರವಾಹ ಎಲ್ಲಿ ಕೂರಬೇಕು? ಈ ಪ್ರಶ್ನೆಯನ್ನು ಅಂಥ ದಿನ ಕೇಳಬಾರದು. ಮಂಗಳಕಾರ್ಯದ ಮನೆಯಲ್ಲಿ ಆಡುವ ಮಾತಲ್ಲ ಅದು.

ತುಂಬದಿದ್ದರೆ ನಮ್ಮಲ್ಲಿ ಪರ್ಜನ್ಯ ಹೋಮ ನಡೆಯುತ್ತದೆ. ಇನ್ನೂ ಹಿಂದಕ್ಕೆ ಹೋದರೆ, ಕಟ್ಟಿಸಿದ ಕೆರೆಯಲ್ಲಿ ನೀರು ಬೀಳಲಿಲ್ಲವೆಂದು ಮನೆಯ ಕಿರಿಸೊಸೆ ಭಾಗೀರಥಿಯನ್ನೇ ಕೆರೆಗೆ ಹಾರ ಕೊಟ್ಟ ಕತೆ ಹಾಡಾಗಿ ಉಳಿದ ನಾಡು ಇದು. ಇಂಥವರ ಎದುರು ನಿಂತು ‘ಖಾಲಿ ಇರುವುದೇ ನನ್ನ ಕೆಲಸ’ ಎಂದು ಹೇಳುವ ಧೈರ್ಯ ತಮಗೆ ಎಲ್ಲಿಂದ ಬಂತು? ಒಂದೇ ಅಣೆಕಟ್ಟು ನೀರನ್ನೂ ಕೂಡಿಡಬೇಕು, ನೆರೆಯನ್ನೂ ತಡೆಯಬೇಕು ಎಂದು ನಾವು ಕೇಳುತ್ತೇವೆ. ತುಂಬಿರು, ಖಾಲಿಯೂ ಇರು. ಆಲಮಟ್ಟಿಯಲ್ಲಿ ನೀರು ನಿಲ್ಲಿಸಿದರೆ ಮಹಾರಾಷ್ಟ್ರದ ಸಾಂಗ್ಲಿ ಕಡೆಯವರು ನಮ್ಮೂರು ಮುಳುಗಿತು ಅನ್ನುತ್ತಾರೆ. ಬಿಟ್ಟರೆ ನಮ್ಮ ರೈತರು ನಮ್ಮ ನೀರು ಹೋಯಿತು ಅನ್ನುತ್ತಾರೆ. ಎರಡರಲ್ಲಿ ಒಂದನ್ನು ಮಾತ್ರ ಮಾಡುತ್ತೇನೆಂದು ಹಟ ಹಿಡಿದು ಕೂತವರು ತಾವು. ಅದಕ್ಕೇ ಈ ಪತ್ರ.

ತಮ್ಮ ನೇಮಕಾತಿಯ ಕಡತ ನೋಡಿದೆವು. ಅದು ಶುರುವಾಗುವುದೇ ಮಣ್ಣಿನಿಂದ. 1930ರ ದಶಕದಲ್ಲಿ ತಮ್ಮ ಸೀಮೆಯವರು ಹುಲ್ಲುಗಾವಲನ್ನು ಮಿತಿಮೀರಿ ಉತ್ತು ಗೋಧಿ, ಹತ್ತಿ ಬಿತ್ತಿದ್ದರು. ಬರ ಬಂದಾಗ ಆ ನೆಲ ಗಾಳಿಗೆ ಹಾರಿತು. ಮಳೆ ಬಂದಾಗ ಅದೇ ನೆಲ ಹೊಳೆಗೆ ಇಳಿಯಿತು. 1934ರ ಏಪ್ರಿಲ್‌ನಲ್ಲಿ ವಾಷಿಟಾ ನದಿ ಒಂದೇ ರಾತ್ರಿಯಲ್ಲಿ ಏರಿ, ಹ್ಯಾಮನ್ ಎಂಬ ಪುಟ್ಟ ಊರಿನ ಬಳಿ 17 ಜನರನ್ನು ಕೊಂದಿತು. ಮರುವರ್ಷ ಮಣ್ಣು ಸಂರಕ್ಷಣೆಗೆಂದೇ ಒಂದು ಇಲಾಖೆ ಹುಟ್ಟಿತು. ಅದಕ್ಕೆ ಮುಖ್ಯಸ್ಥರಾಗಲಿದ್ದ ಹ್ಯೂ ಬೆನೆಟ್ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಸೆನೆಟ್ ಸಮಿತಿಯ ಮುಂದೆ ವಾದ ಮಂಡಿಸುತ್ತಿದ್ದಾಗ ಸಾವಿರಾರು ಮೈಲಿ ದೂರದ ದೂಳಿನ ಮೋಡ ಬಂದು ಕಿಟಕಿಯ ಹೊರಗೆ ಬೆಳಕು ಮಂಕಾಯಿತೆಂಬ ಪ್ರಸಿದ್ಧ ಕತೆಯಿದೆ. ಬೆನೆಟ್ ಅದೃಷ್ಟವಂತರು. ಅವರ ಸಾಕ್ಷಿ ಅದಾಗಿಯೇ ಸಭೆಗೆ ಹಾಜರಾಯಿತು. ಮಾನ್ಯರೇ, ಬಾರದೇ ಹೋದ ನೆರೆಯನ್ನು ತಾವು ಯಾವ ಸಮಿತಿಯ ಮುಂದೆ ಹಾಜರುಪಡಿಸುತ್ತೀರಿ?

1944ರ ಡಿಸೆಂಬರ್‌ನಲ್ಲಿ, ಮಹಾಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಅಮೆರಿಕದ ಸರ್ಕಾರ ಪ್ರವಾಹ ನಿಯಂತ್ರಣ ಕಾಯ್ದೆಯೊಂದನ್ನು ಮಾಡಿತು. ನದಿ ದೊಡ್ಡದಾದ ಮೇಲೆ ಕೆಳಗೆ ದೊಡ್ಡ ಅಣೆಕಟ್ಟು ಕಟ್ಟುವುದಷ್ಟೇ ಅಲ್ಲ, ಮಳೆ ಬಿದ್ದ ಹೊಲದ ಹತ್ತಿರವೇ, ಹಳ್ಳ ಇನ್ನೂ ಹಳ್ಳವಾಗಿರುವಾಗಲೇ ಅದನ್ನು ತಡೆದು ನಿಧಾನ ಮಾಡುವುದು ಎಂಬ ಆಲೋಚನೆ ಅದರಲ್ಲಿತ್ತು. 11 ಜಲಾನಯನಗಳನ್ನು ಆರಿಸಿದರು, ವಾಷಿಟಾ ಅವುಗಳಲ್ಲೊಂದು. ಆ ಕಾಯ್ದೆಯಡಿ ಮೊದಲು ಎದ್ದು ನಿಂತ ಕಟ್ಟೆ ತಾವು. 1954ರಲ್ಲಿ ಇನ್ನೊಂದು ಕಾಯ್ದೆ ಬಂದು ದೇಶದ ತುಂಬ ತಮ್ಮ ಸಂತಾನ ಹರಡಿತು. ಈಗ 47 ರಾಜ್ಯಗಳಲ್ಲಿ 11,800ಕ್ಕೂ ಹೆಚ್ಚು ಇವೆ. ತಮ್ಮ ಒಕ್ಲಹೋಮಾ ಒಂದರಲ್ಲೇ 2,100. ಅಷ್ಟೂ ಕಡೆ ಇದೇ ಕತೆ: ಹುಲ್ಲು, ಮಣ್ಣು, ಖಾಲಿ ಜಾಗ. ಜಮೀನು ಬಹುಪಾಲು ಸರ್ಕಾರದ್ದಲ್ಲ, ರೈತರದ್ದು. ನೆರೆ ಬಂದಾಗ ನಮ್ಮ ಹೊಲದ ಮೇಲೆ ನೀರು ನಿಲ್ಲಲಿ, ಕೆಳಗಿನವರು ಉಳಿಯಲಿ ಎಂದು ಬರೆದುಕೊಟ್ಟವರು ಅವರು. ಇಲ್ಲಿ ನಮ್ಮ ಭೂಸ್ವಾಧೀನ ಅಧಿಕಾರಿಗಳು ಒಂದು ನಿಮಿಷ ಕಣ್ಣು ಮುಚ್ಚಿ ಕೂತರೆ ತಪ್ಪಿಲ್ಲ.

ತಮ್ಮ ಅಂಗರಚನೆಯನ್ನು ಓದುಗರಿಗೆ ವಿವರಿಸುವುದು ಕಷ್ಟವಲ್ಲ. ಏರಿ, ತೂಬು, ಕೋಡಿ ಮೂರೂ ತಮಗಿವೆ. ನಮ್ಮ ಹಳ್ಳಿಯ ಕೆರೆಗೆ ಇರುವುದೂ ಅದೇ ಮೂರು. ಮೈಸೂರು ಸೀಮೆಯ ಮುದುಕರೊಬ್ಬರನ್ನು ತಮ್ಮ ಮುಂದೆ ತಂದು ನಿಲ್ಲಿಸಿದರೆ ಹೆಸರು ಕೇಳದೆಯೇ ಎಲ್ಲವನ್ನೂ ಬೆರಳು ಮಾಡಿ ತೋರಿಸಿಯಾರು. ಆದರೆ ನಮ್ಮ ತೂಬನ್ನು ನೀರುಗಂಟಿ ತೆಗೆಯುತ್ತಾನೆ, ಮುಚ್ಚುತ್ತಾನೆ. ಯಾರ ಗದ್ದೆಗೆ ಯಾವ ರಾತ್ರಿ ನೀರು ಎಂಬ ಲೆಕ್ಕ ಅವನ ಕೈಯಲ್ಲಿದೆ. ತಮ್ಮ ತೂಬಿಗೆ ತೆಗೆಯುವುದು ಮುಚ್ಚುವುದು ಎಂಬುದೇ ಇಲ್ಲ. ನೀರಿನ ನಡುವೆ ಒಂದು ಕಾಂಕ್ರೀಟ್ ಗೋಪುರ ನಿಂತಿದೆ. ಅದರ ಬಾಯಿಯ ಮಟ್ಟದವರೆಗೆ ನೀರು ಸದಾ ನಿಂತಿರುತ್ತದೆ. ಆ ಜಾಗ ಮುಂದೆ ಬರುವ ಹೂಳಿಗೆಂದು ಮೀಸಲು. ಮಳೆ ಜೋರಾಗಿ ನೀರು ಅದಕ್ಕಿಂತ ಮೇಲೇರಿದರೆ ಗೋಪುರದ ಬಾಯೊಳಗೆ ತಾನಾಗಿ ಬೀಳುತ್ತದೆ, ಏರಿಯ ಅಡಿಯಲ್ಲಿ ಹೂತ ಕೊಳವೆಯಿಂದ ಹೊರಬರುತ್ತದೆ. ಕೊಳವೆ ಸಣ್ಣದು, ಬೇಕೆಂದೇ ಸಣ್ಣದು. ಕೆಲವು ಗಂಟೆಗಳಲ್ಲಿ ನುಗ್ಗಿ ಬಂದದ್ದು ದಿನಗಟ್ಟಲೆ ಸರದಿಯಲ್ಲಿ ನಿಂತು ಹೊರಗೆ ಹೋಗಬೇಕು. ಅದಕ್ಕೂ ಮೀರಿ ನೀರು ಬಂದರೆ ಏರಿಯ ಒಂದು ಪಕ್ಕದಲ್ಲಿ ಹುಲ್ಲು ಬೆಳೆಸಿದ ಅಗಲವಾದ ಕೋಡಿ ಇದೆ.

ಗೇಟು ಇಲ್ಲ ಅಂದೆವಲ್ಲ, ಅದರ ಪರಿಣಾಮವನ್ನು ಯೋಚಿಸಿ. ಗೇಟು ತೆಗೆಯುವವನ ಹುದ್ದೆ ಇಲ್ಲ. ಅವನಿಗೆ ತೆಗಿ ಎಂದು ಫೋನ್ ಮಾಡುವ ಶಾಸಕರಿಗೆ, ತೆಗಿಯಬೇಡ ಎಂದು ಫೋನ್ ಮಾಡುವ ಮಾಜಿ ಶಾಸಕರಿಗೆ ಕೆಲಸ ಇಲ್ಲ. ನಡುರಾತ್ರಿ ತೆಗೆದರು, ಮುನ್ಸೂಚನೆ ಕೊಡಲಿಲ್ಲ ಎಂದು ಆಮೇಲೆ ತನಿಖೆಗೆ ಒತ್ತಾಯಿಸಲೂ ಅವಕಾಶವಿಲ್ಲ. ಪ್ರಜಾಪ್ರಭುತ್ವಕ್ಕೆ ಇಷ್ಟು ಕಡಿಮೆ ಜಾಗ ಕೊಟ್ಟ ಕಟ್ಟೆಯನ್ನು ನಾವು ನೋಡಿಲ್ಲ. ಕೋಡಿಯ ಹುಲ್ಲಿನ ವಿಷಯಕ್ಕೆ ಬಂದರೆ, ಸ್ಟಿಲ್‌ವಾಟರ್ ಎಂಬ ಊರಿನ ಪ್ರಯೋಗಾಲಯದಲ್ಲಿ ಎಂಜಿನಿಯರುಗಳು 1940ರ ದಶಕದಲ್ಲಿ ಕಾಲುವೆಗಳಿಗೆ ಹುಲ್ಲು ನೆಟ್ಟು, ಅದರ ಮೇಲೆ ನೀರು ಹಾಯಿಸಿ, ಯಾವ ಹುಲ್ಲು ಎಷ್ಟು ವೇಗದ ನೀರಿಗೆ ಬೇರು ಸಡಿಲಿಸದೆ ತಾಳುತ್ತದೆ ಎಂದು ಅಳೆದು ಕೈಪಿಡಿ ಬರೆದಿದ್ದಾರೆ. ಹುಲ್ಲಿನ ಮೇಲೆ ಸರ್ಕಾರಿ ದುಡ್ಡು! ನಾವಾದರೆ ಕೋಡಿಗೆ ಸಿಮೆಂಟ್ ಬಳಿದು, ಉದ್ಘಾಟನೆಯ ಕಲ್ಲು ನೆಟ್ಟು, ಎರಡನೇ ಮಳೆಗೆ ಬಿಲ್ಲಿನ ಎರಡನೇ ಕಂತು ಎತ್ತುತ್ತಿದ್ದೆವು.

ಈಗ ಆರೋಪಗಳಿಗೆ ಬರೋಣ.

ತಮ್ಮಿಂದ ಸಾರ್ವಜನಿಕ ಜೀವನಕ್ಕೆ ಆಗಿರುವ ನಷ್ಟ ಸಣ್ಣದಲ್ಲ. ನೆರೆ ಬಂದರೆ ನಮ್ಮಲ್ಲಿ ಒಂದು ಲೋಕವೇ ಎದ್ದು ಓಡಾಡುತ್ತದೆ. ವೈಮಾನಿಕ ಸಮೀಕ್ಷೆ ನಡೆಯುತ್ತದೆ. ಗಂಜಿ ಕೇಂದ್ರ ತೆರೆಯುತ್ತದೆ. ಕೇಂದ್ರ ತಂಡ ಬರುತ್ತದೆ, ನೀರು ಇಳಿದ ಮೇಲೆ. ಮೊಣಕಾಲು ನೀರಲ್ಲಿ ನಿಂತ ವರದಿಗಾರ, ಪರಿಹಾರದ ಚೆಕ್ಕು, ಚೆಕ್ಕಿನ ಫೋಟೊ, ಪರಿಹಾರ ಸಾಲದು ಎಂಬ ಧರಣಿ, ಧರಣಿ ನಿರತರೊಂದಿಗೆ ಮಾತುಕತೆ. ಇಷ್ಟೆಲ್ಲವನ್ನೂ ತಾವು ಒಂದು ಕೊಳವೆಯಲ್ಲಿ ಸೋಸಿ ಬಿಟ್ಟಿದ್ದೀರಿ. ತಡೆದ ನೆರೆಯ ಒಂದು ಫೋಟೊ ಆದರೂ ಇದೆಯೇ? ಕೊಚ್ಚಿಕೊಂಡು ಹೋಗದ ಸೇತುವೆಯನ್ನು ಯಾವ ಪತ್ರಿಕೆ ಮುಖಪುಟಕ್ಕೆ ಹಾಕೀತು? 2015ರ ಮೇ ತಿಂಗಳು ಒಕ್ಲಹೋಮಾ ರಾಜ್ಯ ದಾಖಲೆ ಇಟ್ಟಂದಿನಿಂದ ಕಂಡ ಅತಿ ಹೆಚ್ಚು ಮಳೆಯ ತಿಂಗಳು; ಸರಾಸರಿ 14 ಇಂಚಿಗೂ ಹೆಚ್ಚು ಬಿತ್ತು. ತಮ್ಮಂಥವರು ಮಾಡಿದ ಲಾಭವನ್ನು ಅಂಥ ಹೊತ್ತಿನಲ್ಲಿ ಅಧಿಕಾರಿಗಳು ಕೂತು ಲೆಕ್ಕ ಹಾಕುತ್ತಾರೆ: ಕಟ್ಟೆ ಇಲ್ಲದಿದ್ದರೆ ಇಷ್ಟು ಹಾನಿ ಆಗುತ್ತಿತ್ತು, ಆಗಿದ್ದು ಇಷ್ಟು, ಕಳೆದರೆ ಲಾಭ. ಲೆಕ್ಕ ಸರಿಯೇ ಇರಬಹುದು. ಆದರೆ ‘ಆಗುತ್ತಿತ್ತು’ ಎಂಬುದನ್ನು ನಂಬಿ ಬಜೆಟ್ಟಿನಲ್ಲಿ ದುಡ್ಡಿಡುವ ಹಣಕಾಸು ಕಾರ್ಯದರ್ಶಿ ಯಾವ ದೇಶದಲ್ಲೂ ಹುಟ್ಟಿದಂತಿಲ್ಲ.

ಹಾಗೆ ನಂಬಿದವರು ಒಂದು ಕಡೆ ಇದ್ದರು. ಅದೂ ಸರ್ಕಾರವಲ್ಲ. ಒಹಾಯೋ ರಾಜ್ಯದ ಡೇಟನ್ ನಗರದಲ್ಲಿ 1913ರ ಮಾರ್ಚ್‌ನಲ್ಲಿ ಗ್ರೇಟ್ ಮಯಾಮಿ ನದಿ ಒಡ್ಡು ದಾಟಿ ಬಂತು; ಆ ಕಣಿವೆಯಲ್ಲಿ 360ಕ್ಕೂ ಹೆಚ್ಚು ಜನ ಸತ್ತರು. ಉಳಿದವರು ಮನೆಯ ಅಟ್ಟ ಹತ್ತಿ ಕೂತು, ಇನ್ನೊಮ್ಮೆ ಹೀಗಾಗಲು ಬಿಡುವುದಿಲ್ಲ ಎಂದು ಕತ್ತಲಲ್ಲಿ ಆಣೆ ಮಾಡಿಕೊಂಡಿದ್ದರು. ನೀರು ಇಳಿದ ಮೇಲೆ ಊರಿನ ಮುಖಂಡರು ಬಹಳ ಜಾಣತನದ ಕೆಲಸ ಮಾಡಿದರು: ಅಟ್ಟದಲ್ಲಿ ಕೂತು ಮಾಡಿದ ಆಣೆಯನ್ನು ಮರೆಯಬೇಡಿ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ ಹಾಕಿ, ವಂತಿಗೆ ಎತ್ತಿದರು. ಕೆಲವೇ ವಾರಗಳಲ್ಲಿ 20 ಲಕ್ಷ ಡಾಲರಿಗೂ ಹೆಚ್ಚು ಕೂಡಿತು. ಕಾಲು ಒಣಗುವ ಮೊದಲೇ ಕೇಳಬೇಕು ಎಂಬುದು ಅವರಿಗೆ ಗೊತ್ತಿತ್ತು. ಆರ್ಥರ್ ಮಾರ್ಗನ್ ಎಂಬ ಎಂಜಿನಿಯರ್ 1922ರ ಹೊತ್ತಿಗೆ ಐದು ಮಣ್ಣಿನ ಅಣೆ ಕಟ್ಟಿ ಮುಗಿಸಿದರು. ಗಾತ್ರದಲ್ಲಿ ಅವು ತಮಗಿಂತ ದೊಡ್ಡವು, ಸೋಮಾರಿತನದಲ್ಲೂ ದೊಡ್ಡವು. ಒಳಗೆ ಕೆರೆ ಕೂಡ ಇಲ್ಲ. ನದಿ ಅಣೆಯ ಬುಡದ ಕಂಡಿಯಿಂದ ಸುಮ್ಮನೆ ಹಾದುಹೋಗುತ್ತದೆ, ಹಿಂದಿನ ಜಮೀನಿನಲ್ಲಿ ಬೆಳೆ ಬೆಳೆಯುತ್ತಾರೆ. ಮಳೆ ಹೆಚ್ಚಾದಾಗ ಮಾತ್ರ ಕಂಡಿಗೆ ಹಿಡಿಸದ ನೀರು ಹಿಂದೆ ನಿಲ್ಲುತ್ತದೆ. ಹೀಗೆ 2,000ಕ್ಕೂ ಹೆಚ್ಚು ಸಲ ನಿಂತಿದೆ. ಆ ಊರಿನವರು ಇವತ್ತಿಗೂ ಅದರ ನಿರ್ವಹಣೆಗೆ ಕಂದಾಯ ಕಟ್ಟುತ್ತಾರೆ. ಅಟ್ಟ ಹತ್ತಿದವರ್ಯಾರೂ ಈಗ ಬದುಕಿಲ್ಲ.

ತಮ್ಮ ಮೇಲಿನ ಇನ್ನೊಂದು ದೂರು ಗಂಭೀರವಾದದ್ದು. ತಾವು ನೆರೆಯನ್ನು ಎಷ್ಟು ಚೆನ್ನಾಗಿ ತಡೆದಿರೆಂದರೆ, ಕೆಳಗಿನ ಜನಕ್ಕೆ ನೆರೆ ಎಂಬುದೇ ಮರೆತುಹೋಯಿತು. ಮೊದಲು ಬರೀ ಹೊಲವಿದ್ದ ಕಡೆ ಮನೆ ಎದ್ದವು, ರಸ್ತೆ ಬಂತು, ಎಷ್ಟೋ ಕಡೆ ಬಡಾವಣೆಯೇ ಬಂತು. ಹೊಲವನ್ನು ಕಾಯಲು ಕಟ್ಟಿದ ಕಟ್ಟೆ ಒಡೆದರೆ ಹೊಲ ಹಾಳಾದೀತು ಎಂದು ಲೆಕ್ಕ ಹಾಕಿ, ಅಷ್ಟಕ್ಕೆ ತಕ್ಕ ಬಲ ಕೊಟ್ಟು, ‘ಕಡಿಮೆ ಅಪಾಯ’ ಎಂದು ಪಟ್ಟಿಯಲ್ಲಿ ಬರೆದಿದ್ದರು. ಈಗ ಅಧಿಕಾರಿಗಳು ಬಂದು ನೋಡಿ ‘ಹೆಚ್ಚು ಅಪಾಯ’ ಎಂದು ತಿದ್ದುತ್ತಾರೆ. ಕಟ್ಟೆ ಇದ್ದಲ್ಲೇ ಇದೆ, ಒಂದು ಗೇಣೂ ಸರಿದಿಲ್ಲ. ಅಪಾಯವೇ ನಡೆದುಕೊಂಡು ಬಂದು ಅದರ ಬುಡದಲ್ಲಿ ಗೃಹಪ್ರವೇಶ ಮಾಡಿದೆ. ಇದರಲ್ಲಿ ತಮಗೆ ನಾಚಿಕೆಯಾಗಬೇಕಾದ್ದೇನೂ ಇಲ್ಲ. ಬೆಂಗಳೂರಿನಲ್ಲಿ ನಾವು ಇದನ್ನು ಇನ್ನೂ ಕಲಾತ್ಮಕವಾಗಿ ಮಾಡಿದ್ದೇವೆ: ಕೋಡಿಯ ನೀರು ಹರಿಯುವ ರಾಜಕಾಲುವೆಯ ಮೇಲೇ ಮನೆ ಕಟ್ಟಿ, ಅದಕ್ಕೆ ಲೇಕ್ ವ್ಯೂ ಎಂದು ಹೆಸರಿಟ್ಟು, ಮಳೆ ಬಂದ ದಿನ ಕೆರೆಯೇ ಒತ್ತುವರಿ ಮಾಡಿತೆಂದು ದೂರುತ್ತೇವೆ.

ಸಣ್ಣ ಕಟ್ಟೆ ಅಲ್ಲವೇ, ಒಡೆದರೆ ಏನು ಮಹಾ ಎನ್ನುವವರಿದ್ದಾರೆ. 1977ರ ನವೆಂಬರ್‌ನಲ್ಲಿ ಜಾರ್ಜಿಯಾ ರಾಜ್ಯದ ಟೊಕೋವಾ ಎಂಬಲ್ಲಿ ಕೆಲ್ಲಿ ಬಾರ್ನ್ಸ್ ಎಂಬ ಹಳೆಯ ಮಣ್ಣಿನ ಕಟ್ಟೆ ನಡುರಾತ್ರಿ ಕಳೆದ ಮೇಲೆ ಒಡೆಯಿತು. ಕೆಳಗಿದ್ದ ಕಾಲೇಜಿನ ಆವರಣದಲ್ಲಿ ಮಲಗಿದ್ದ 39 ಜನ ಸತ್ತರು. ಅದು ನೆರೆ ತಡೆಯಲು ಕಟ್ಟಿದ್ದಲ್ಲ, ಆದರೆ ಮಣ್ಣಿಗೆ ಆ ವ್ಯತ್ಯಾಸ ಗೊತ್ತಿಲ್ಲ.

ಮಣ್ಣಿನ ಕಟ್ಟೆ ಸಾಯುವ ದಾರಿ ಮುಖ್ಯವಾಗಿ ಎರಡು. ಕೋಡಿಗೆ ಹಿಡಿಸದೆ ನೀರು ಏರಿಯ ತಲೆಯ ಮೇಲೆ ಹತ್ತಿ ಹರಿದು ಕೊರೆಯುವುದು ಒಂದು. ಇನ್ನೊಂದು ಸದ್ದಿಲ್ಲದ್ದು: ಏರಿಯೊಳಗೆ ಎಲ್ಲೋ ಕೂದಲೆಳೆಯಷ್ಟು ದಾರಿ ಹುಡುಕಿಕೊಂಡ ನೀರು ಒಂದೊಂದೇ ಮಣ್ಣಿನ ಕಣವನ್ನು ಹೊತ್ತುಕೊಂಡು ಹೊರಬರುತ್ತದೆ. ಮೊದಲು ಒಸರು, ಆಮೇಲೆ ಜಿನುಗು. ಹೊರಬರುವ ನೀರು ತಿಳಿಯಾಗಿರುವವರೆಗೆ ಸ್ವಲ್ಪ ಸಮಯವಿದೆ. ಕೆಂಪಾಗಿ ಬರತೊಡಗಿದರೆ ಒಳಗಿನ ಏರಿಯೇ ಹೊರಬರುತ್ತಿದೆ ಎಂದರ್ಥ. ಒಡೆದ ಮಣ್ಣಿನ ಅಣೆಗಳ ಲೆಕ್ಕ ತೆಗೆದವರು ಈ ಎರಡು ದಾರಿಗೂ ಹೆಚ್ಚುಕಡಿಮೆ ಸಮಪಾಲು ಕೊಟ್ಟಿದ್ದಾರೆ. ಒಳದಾರಿಗೆ ಸಹಾಯ ಮಾಡುವವರು ಮರಗಳು ಮತ್ತು ಬಿಲ ತೋಡುವ ಪ್ರಾಣಿಗಳು. ಏರಿಯ ಮೇಲೆ ಬೆಳೆದ ಮರ ಸತ್ತರೆ ಅದರ ಬೇರು ಕೊಳೆತ ಜಾಗವೇ ಕೊಳವೆ. ತಮ್ಮ ಸೀಮೆಯಲ್ಲಿ ಕೆಂಪು ಸೀಡರ್ ಎಂಬ ಮರ ಕಂಡಲ್ಲೆಲ್ಲ ಹುಟ್ಟಿಕೊಳ್ಳುತ್ತದೆ, ಹೆಗ್ಗಣದ ಜಾತಿಯವು ಏರಿ ಕೊರೆಯುತ್ತವೆ, ಬೀವರ್ ಎಂಬ ಪ್ರಾಣಿ ಕಡ್ಡಿ ಕಸ ತಂದು ತೂಬಿನ ಬಾಯಿ ಮುಚ್ಚುತ್ತದೆ. ಈ ಪ್ರಾಣಿಗಳು ಮಣ್ಣಿನ ಅಣೆಗೆ ಮಾಡುವ ಹಾನಿಯ ಬಗ್ಗೆ ತಮ್ಮ ದೇಶದ ವಿಪತ್ತು ನಿರ್ವಹಣಾ ಸಂಸ್ಥೆ 2005ರಲ್ಲಿ ಒಂದು ಕೈಪಿಡಿಯನ್ನೇ ಹೊರತಂದಿದೆ. ಅಣೆಯ ಒಡೆಯರಾದವರು ಆಗಾಗ ಏರಿಯ ಮೇಲೆ ನಡೆದು, ಬಿಲ ಕಂಡರೆ ಮುಚ್ಚಿಸಿ ಎಂಬುದು ಅದರ ಸಾರ.

ನಾವು ಈ ವಿಷಯದಲ್ಲಿ ತಮಗಿಂತ ಬಹಳ ಮುಂದಿದ್ದೇವೆ. ನಮ್ಮ ನೆರೆಯ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆ, ಚಿಪಳೂಣ ತಾಲೂಕಿನಲ್ಲಿ ತಿವರೆ ಎಂಬ ಊರಿದೆ. ಅಲ್ಲಿಯ ಮಣ್ಣಿನ ಸಣ್ಣ ಅಣೆ 2019ರ ಜುಲೈ 2ರ ರಾತ್ರಿ ಜೋರು ಮಳೆಯಲ್ಲಿ ಒಡೆದು, ಕೆಳಗಿನ ಮನೆಗಳನ್ನು ಮಲಗಿದ್ದವರ ಸಮೇತ ಕೊಂಡೊಯ್ಯಿತು. ಕನಿಷ್ಠ 19 ಜನ ಸತ್ತರು. ಅಣೆ ಸೋರುತ್ತಿದೆ ಎಂದು ಊರವರು ಮೊದಲೇ ದೂರು ಕೊಟ್ಟಿದ್ದರು. ಘಟನೆಯ ಎರಡು ದಿನಕ್ಕೆ ರಾಜ್ಯದ ಜಲಸಂರಕ್ಷಣಾ ಸಚಿವರು ಕಾರಣ ಪತ್ತೆ ಮಾಡಿದರು: ಏಡಿಗಳು. ಏಡಿಗಳು ಬಿಲ ಕೊರೆದು ಅಣೆಯನ್ನು ಸಡಿಲ ಮಾಡಿದವಂತೆ. ವಿರೋಧ ಪಕ್ಷದವರು ಏಡಿಗಳನ್ನು ಹಿಡಿದು ಪೊಲೀಸ್ ಠಾಣೆಗೆ ಕೊಂಡೊಯ್ದು, ಆರೋಪಿಗಳು ಇವರೇ, ಬಂಧಿಸಿ ಎಂದರು.

ಎಲ್ಲರೂ ನಕ್ಕರು. ನಾವು ಸಚಿವರ ಪರವಾಗಿ ಒಂದು ಮಾತು ಹೇಳಬೇಕು: ಏಡಿ ಏರಿಯನ್ನು ಕೊರೆಯುತ್ತದೆ, ಅದು ಸುಳ್ಳಲ್ಲ. ಗದ್ದೆ ಬದು ಕಂಡ ಯಾವ ರೈತನಾದರೂ ಇದನ್ನು ಹೇಳಿಯಾನು. ಏಡಿ ಬಿಲ ತೋಡಿಯೇ ತೋಡುತ್ತದೆ ಎಂದು ಗೊತ್ತಿರುವುದರಿಂದಲೇ ಏರಿಯ ಮೇಲೆ ಮನುಷ್ಯ ಓಡಾಡಬೇಕು ಎಂದು ನಿಯಮ ಮಾಡಿರುವುದು. ಏಡಿ ತನ್ನ ಕೆಲಸ ಮಾಡಿತು. ಆಪಾದನೆಯ ಪಟ್ಟಿಯಲ್ಲಿ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿದ ಹೆಸರು ಅದೊಂದೇ. ಒಸರು ಕಂಡು ಅರ್ಜಿ ಬರೆದವರೂ ಇದ್ದರು. ಅರ್ಜಿ ಓದಿದ ಮೇಲೆ ಎದ್ದು ಹೋಗಿ ಏರಿಯ ಬುಡದಲ್ಲಿ ನಿಂತು ನೋಡಬೇಕಾದವರ ಜಾಗ ಮಾತ್ರ ಖಾಲಿ ಇತ್ತು, ಆ ಜಾಗಕ್ಕೇ ಏಡಿಯನ್ನು ನೇಮಿಸಿದರು.

ಇದೇನು ಹೊಸ ಜ್ಞಾನವೂ ಅಲ್ಲ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಒಂದು ದೊಡ್ಡ ಕೆರೆ ಕಟ್ಟಿಸಿ, ಶಾಸನ ಹಾಕಿಸಿದ. ಒಳ್ಳೆಯ ಕೆರೆಗೆ ಏನೇನು ಇರಬೇಕು, ಏನೇನು ದೋಷ ಇರಬಾರದು ಎಂದು ಕಲ್ಲಿನಲ್ಲಿ ಕೆತ್ತಿಸಿದ ಪಟ್ಟಿ ಅದರಲ್ಲಿದೆ. ಆರು ದೋಷಗಳಲ್ಲಿ ಒಂದು, ಏರಿಯಿಂದ ನೀರು ಒಸರುವುದು. ಇನ್ನೊಂದು, ಎರಡು ರಾಜ್ಯಗಳ ಗಡಿಯ ಮೇಲೆ ಕೆರೆ ಇರುವುದು. ಅದನ್ನು ಓದಿದಾಗ ನಮ್ಮ ನೀರಾವರಿ ವಕೀಲರ ಶುಲ್ಕ ನೆನಪಾಗಿ ಕಣ್ಣು ತುಂಬಿ ಬರುತ್ತದೆ.

ಈಗ ನಮ್ಮಲ್ಲೂ ಕಾಯ್ದೆಯಿದೆ, 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ. ಅದು 15 ಮೀಟರಿಗಿಂತ ಎತ್ತರದ ಅಣೆಗಳಿಗೆ ಅನ್ವಯ. 10ರಿಂದ 15 ಮೀಟರಿನೊಳಗಿನವು ಉದ್ದವೋ, ನೀರಿನ ಪ್ರಮಾಣವೋ, ಅಂಥ ಯಾವುದಾದರೊಂದು ಷರತ್ತಿಗೆ ಒಳಪಟ್ಟರೆ ಮಾತ್ರ. ಅದಕ್ಕಿಂತ ಗಿಡ್ಡನೆಯ ಏರಿ ಕಾಯ್ದೆಯ ಕಣ್ಣಿಗೆ ಕಾಣುವುದಿಲ್ಲ. ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ ಅನ್ನುತ್ತಾರೆ. ಬಹುಪಾಲು ಏರಿಗಳು ಆ ಗಿಡ್ಡರ ಸಾಲಿನವು. ಅವುಗಳ ಮೇಲೆ ಜಾಲಿ ಬೆಳೆದಿದೆ, ಕೋಡಿಯ ಕೆಳಗೆ ಸೈಟು ಬಿದ್ದಿದೆ, ನೀರುಗಂಟಿಯ ಹುದ್ದೆ ಇನಾಮತಿ ಹೋದಾಗಲೇ ಕರಗಿಹೋಗಿದೆ. ಬರಗಾಲದಲ್ಲಿ ಹೂಳೆತ್ತುವ ಯೋಜನೆ ಬರುತ್ತದೆ, ಏಕೆಂದರೆ ಹೂಳು ಲೋಡು ಲೆಕ್ಕದಲ್ಲಿ ಅಳತೆಗೆ ಸಿಗುತ್ತದೆ. ಏರಿಯ ಒಸರು ಲೋಡಿಗೆ ಸಿಗುವುದಿಲ್ಲ.

ಹಾಗೆಂದು ತಮ್ಮನ್ನು ಅಟ್ಟಕ್ಕೇರಿಸುವ ಉದ್ದೇಶವೂ ನಮಗಿಲ್ಲ. ತಮ್ಮ ಪರ ವಾದಿಸಿದವರು ಒಂದು ಕಾಲದಲ್ಲಿ ಬಹಳ ಅತಿ ಮಾಡಿದ್ದರು. ಮೇಲೆ ಸಣ್ಣ ಕಟ್ಟೆ ಕಟ್ಟಿಬಿಟ್ಟರೆ ಕೆಳಗೆ ದೊಡ್ಡ ಅಣೆಕಟ್ಟೇ ಬೇಡ ಎಂದರು. ಸೈನ್ಯದ ಎಂಜಿನಿಯರುಗಳು ಅದೆಲ್ಲ ಬೊಗಳೆ ಎಂದರು. ದೊಡ್ಡ ಅಣೆ, ಸಣ್ಣ ಅಣೆ ಎಂದು ಎರಡು ಬಣ ಕಟ್ಟಿಕೊಂಡು ಕಾದಾಡಿದ ಮೇಲೆ, 1954ರಲ್ಲಿ ಲೂನಾ ಲಿಯೋಪೋಲ್ಡ್ ಮತ್ತು ಥಾಮಸ್ ಮ್ಯಾಡಕ್ ಎಂಬಿಬ್ಬರು ಜಲತಜ್ಞರು ಇಡೀ ಜಗಳದ ಮೇಲೆ ಪುಸ್ತಕ ಬರೆದು ತಿಳಿ ಹೇಳಬೇಕಾಯಿತು. ಸಣ್ಣ ಕಟ್ಟೆ ತನ್ನ ಕೆಳಗಿನ ಹಳ್ಳವನ್ನು ಕಾಯುತ್ತದೆ. ಕೆಳಕ್ಕೆ ಹೋದ ಹಾಗೆ ಬೇರೆ ಬೇರೆ ಹಳ್ಳಗಳು ಕೂಡಿ ಅದರ ಪ್ರಭಾವ ತೆಳುವಾಗುತ್ತದೆ. ಮಹಾನದಿಯ ಮಹಾನೆರೆಯನ್ನು ಅದು ನಿಲ್ಲಿಸಲಾರದು. ತಾವು ಊರಿನ ಹಳ್ಳದ ಕಾವಲುಗಾರರು, ಅಷ್ಟೆ. ಇದನ್ನು ಹೇಳಿದರೆ ತಮಗೆ ಬೇಸರವಾಗುವುದಿಲ್ಲ ಎಂದು ಗೊತ್ತು. ಬೇಸರವಾಗುವುದು ತಮ್ಮ ಹೆಸರಲ್ಲಿ ಭಾಷಣ ಮಾಡುವವರಿಗೆ.

ಕೊನೆಯದಾಗಿ ವಯಸ್ಸಿನ ವಿಚಾರ. ತಮ್ಮ ಪೀಳಿಗೆಯ ಕಟ್ಟೆಗಳಿಗೆ ಕಾಗದದಲ್ಲಿ ಬರೆದ ಆಯಸ್ಸು 50 ವರ್ಷ. ಆ ಪ್ರಕಾರ ತಾವು 1998ರಲ್ಲೇ ನಿವೃತ್ತರು. ಹೂಳಿಗೆಂದು ಇಟ್ಟ ಜಾಗ ಹೂಳಿಗೆ ಸಂದಾಯವಾಗುತ್ತಿರುತ್ತದೆ, ಅಡಿಯ ಕೊಳವೆಗಳು ತುಕ್ಕು ಹಿಡಿಯುತ್ತವೆ, ಆದರೂ ಮಳೆಗೆ ತಮ್ಮ ಜನ್ಮದಿನಾಂಕ ಗೊತ್ತಿಲ್ಲ. 2000ದಲ್ಲಿ ಅಮೆರಿಕದ ಸಂಸತ್ತು ಇಂಥ ಹಳೆಯ ಕಟ್ಟೆಗಳ ರಿಪೇರಿಗೆಂದು ಕಾಯ್ದೆ ತಿದ್ದಿತು. ಖರ್ಚಿನ 65 ಪಾಲು ಕೇಂದ್ರದ್ದು, 35 ಪಾಲು ಸ್ಥಳೀಯರದ್ದು. ಆ ಸ್ಥಳೀಯರು ಎಂದರೆ ರೈತರೇ ಸದಸ್ಯರಾಗಿರುವ ಸಣ್ಣ ಸಂರಕ್ಷಣಾ ಮಂಡಳಿಗಳು. ವರ್ಷವರ್ಷ ಏರಿಯ ಹುಲ್ಲು ಕೊಯ್ಯುವವರು, ಸೀಡರ್ ಕಡಿಯುವವರು, ಬೀವರ್ ತುಂಬಿದ ಕಸ ತೆಗೆಯುವವರು ಅವರೇ. ಹಳೆಯ ಕಟ್ಟೆಗಳ ಸಾಲು ಉದ್ದವಿದೆ, ದುಡ್ಡಿನ ಸಾಲು ಅಷ್ಟು ಉದ್ದವಿಲ್ಲ. ಹೊಸದನ್ನು ಉದ್ಘಾಟಿಸಬಹುದು; ರಿಪೇರಿಗೆ ಟೇಪು ಕತ್ತರಿಸಿದ ಮಂತ್ರಿಯನ್ನು ಯಾರೂ ಕಂಡಿಲ್ಲ, ಅಲ್ಲೂ ಇಲ್ಲೂ.

ಮೇಲಿನ ಎಲ್ಲ ಅಂಶಗಳನ್ನು ಪರಿಶೀಲಿಸಿ ಆದೇಶಿಸಿರುವುದೇನೆಂದರೆ: ತಮ್ಮ ಮೇಲಿನ ನಿಷ್ಕ್ರಿಯತೆಯ ಆರೋಪ ಪೂರ್ತಿಯಾಗಿ ರುಜುವಾತಾಗಿದೆ. ಶಿಕ್ಷೆಯಾಗಿ, ವಯೋನಿವೃತ್ತಿಯ ಲಾಭವನ್ನು ತಮಗೆ ನಿರಾಕರಿಸಲಾಗಿದೆ. ಮುಂದಿನ ಆದೇಶದವರೆಗೆ ಖಾಲಿ ಇರತಕ್ಕದ್ದು. ಬಾಗಿನದ ಕೋರಿಕೆಯನ್ನು ತಾವು ಸಲ್ಲಿಸಿಯೇ ಇಲ್ಲವಾದ್ದರಿಂದ ಅದನ್ನು ತಿರಸ್ಕರಿಸುವ ಪ್ರಶ್ನೆ ಉದ್ಭವಿಸುವುದಿಲ್ಲ.

ಇಂತಿ,
ತುಂಬಿದ ಅಣೆಕಟ್ಟುಗಳ ನಾಡಿನ ಒಬ್ಬ ಪ್ರಜೆ

ಪ್ರತಿ: ಕೆರೆ ಏರಿ ಇರುವ ಎಲ್ಲ ಊರುಗಳ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ. ಮುಂಗಾರು ಶುರುವಾಗುವ ಮೊದಲು ಒಂದು ಬೆಳಗ್ಗೆ ಈ ಕೊನೆಯಿಂದ ಆ ಕೊನೆಯವರೆಗೆ ಏರಿಯ ಮೇಲೆ ನಡೆಯಿರಿ. ಮರಳುವಾಗ ಏರಿಯ ನೀರಿಲ್ಲದ ಬದಿಯ ಬುಡದಲ್ಲಿ ಬನ್ನಿ. ಜಾಲಿ ಎಳೆಯದಾಗಿರುವಾಗಲೇ ಕೀಳಿಸಿ, ಬಲಿತ ಮರವಿದ್ದರೆ ಕಡಿಸುವ ಮೊದಲು ಎಂಜಿನಿಯರನ್ನು ಕರೆಸಿ ಕೇಳಿ. ಕೋಡಿಯ ದಾರಿಯಲ್ಲಿ ಯಾರದೇ ಗೋಡೆಯಿದ್ದರೂ ತೆಗೆಸಿ. ಒಸರು ಕಂಡರೆ ನೀರಿನ ಬಣ್ಣ ನೋಡಿ. ಕೆಂಪಗಿದ್ದರೆ ಅರ್ಜಿ ಬರೆಯುತ್ತ ಕೂರಬೇಡಿ, ಮೊದಲು ಕೆಳಗಿನ ಮನೆಗಳವರನ್ನು ಎಬ್ಬಿಸಿ.